ಮಸಿ ಒರೆಸುವ ರಬ್ಬರ್ ಸ್ಪಂಜು: ಹಳೆ ಕಾಮಿಕ್ಸ್ ಮೇಲೆ ಮೂರು ವರ್ಷ ಬಳಸಿದ ಅನುಭವ

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಸ್ಪಂಜು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಕಾಮಿಕ್ಸನ್ನು ಮುಂದೆ ಗ್ರೇಡಿಂಗ್‌ಗೆ, ಅಂದರೆ ಪ್ರತಿಯ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಕಳಿಸೋ ಯೋಚನೆ ಇದ್ದವರು ಪೂರ್ತಿ ಓದಿ. ಸುಮ್ನೆ ಮನೆಯ ಪುಸ್ತಕ ಒರೆಸೋಕೆ ಬೇಕಾದವರು ಇಷ್ಟಕ್ಕೇ ಬಿಟ್ಟು ತಗೊಳ್ಳಬಹುದು.

ನಾನಿರುವುದು ತುಮಕೂರಿನಲ್ಲಿ. ಕಾಮಿಕ್ಸ್ ಇದ್ದದ್ದು ಗುಬ್ಬಿ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ. ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಇಂದ್ರಜಾಲ ಕಾಮಿಕ್ಸ್ ಹುಚ್ಚು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಸರಣಿ ಅದು, ನಮ್ಮ ಹತ್ತಿರ ಇರುವುದು ಜಾಸ್ತಿ ಎಪ್ಪತ್ತರ ದಶಕದವು. ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು ಅಂತ ಜಗಳವಾಡಿ ಬೇರೆ ಬೇರೆ ಕೊಂಡಿದ್ದರಿಂದ ಕೆಲವು ಸಂಚಿಕೆ ಎರಡೆರಡು ಇವೆ. ಎಲ್ಲವನ್ನೂ ತಗಡಿನ ಟ್ರಂಕಿಗೆ ತುಂಬಿ ಅಡುಗೆಮನೆ ಅಟ್ಟಕ್ಕೆ ಏರಿಸಿದ್ದರು. ಕೆಳಗೆ ಸೌದೆ ಒಲೆ, ಮೇಲೆ ಮುಚ್ಚಳ ಸರಿಯಾಗಿ ಕೂರದ ಟ್ರಂಕು, ವರ್ಷಗಟ್ಟಲೆ ಹೊಗೆ ಕುಡಿದ ಪುಸ್ತಕಗಳ ಅಂಚು ಕಾಡಿಗೆ ಹಚ್ಚಿದ ಹಾಗೆ ಕಂಡರೆ ಆಶ್ಚರ್ಯ ಏನು? "ಆ ಮಸಿ ನಂದೇ ಕಣೋ, ಊದುಗೊಳವೆ ಊದಿ ಊದಿ ನಾನೇ ಕೂರಿಸಿದ್ದು" ಅಂತ ಅಮ್ಮ ನಗುತ್ತಾರೆ.

ಈ ಸ್ಪಂಜು ರಬ್ಬರಿನದು. ನೀರು ಬೇಡ, ಸೋಪು ಬೇಡ. ಕತ್ತರಿಯಲ್ಲಿ ಮೈಸೂರು ಪಾಕಿನ ಗಾತ್ರಕ್ಕೆ ತುಂಡು ಮಾಡಿಕೊಂಡು, ಪುಸ್ತಕದ ಮಧ್ಯದಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಅಂಚು ಸಿಕ್ಕಿ ಹರಿಯುತ್ತದೆ. ಮಸಿ ಸ್ಪಂಜಿನ ತೂತಿಗೆ ಹೋಗಿ ಕೂರುತ್ತದೆ, ಮೇಲ್ಭಾಗ ಕಪ್ಪಾದ ಮೇಲೆ ಆ ಪದರವನ್ನು ಬ್ಲೇಡಿನಲ್ಲಿ ಸವರಿ ತೆಗೆದು ಮತ್ತೆ ಶುರು ಮಾಡೋದು. ತೊಳೆಯೋಕೆ ಹೋಗಬೇಡಿ, ನಾನು ಒಮ್ಮೆ ತೊಳೆದು ಹಾಳು ಮಾಡಿದೆ.

ಮೊದಲ ವಾರವೇ ಇನ್ನೊಂದು ಪಾಠ ಆಯಿತು. ಕೆಂಪು ಹಿನ್ನೆಲೆಯ ಕವರ್ ಒಂದನ್ನು ಉತ್ಸಾಹದಲ್ಲಿ ಒತ್ತಿ ಒರೆಸುತ್ತಿದ್ದೆ, ತಿರುಗಿಸಿ ನೋಡಿದರೆ ಸ್ಪಂಜು ಕಪ್ಪಾಗಿಲ್ಲ, ಗುಲಾಬಿ ಬಣ್ಣಕ್ಕೆ ಬಂದಿದೆ. ಬರುತ್ತಿದ್ದದ್ದು ಮಸಿ ಅಲ್ಲ, ಅಚ್ಚಿನ ಶಾಯಿ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಅಷ್ಟು ಜಾಗದ ಹೊಳಪು ಹೋಗಿರೋದು ಈಗಲೂ ಕಾಣುತ್ತದೆ. ಗ್ರೇಡ್ ಮಾಡುವವರು ನೋಡೋದೂ ಹೀಗೇ, ಬೆಳಕಿಗೆ ಓರೆ ಹಿಡಿದು. ಆವತ್ತಿನಿಂದ ಹಿಂಬದಿ ಕವರಿನ ಮೂಲೆಯಲ್ಲಿ ಪರೀಕ್ಷೆ ಮಾಡದೆ ಮುಂದೆ ಕೈ ಹಾಕಿಲ್ಲ.

ಈಗ ಗ್ರೇಡಿಂಗ್ ವಿಷಯ. ಅಕ್ಕನ ಮಗ ಅಮೆರಿಕದಲ್ಲಿದ್ದಾನೆ, ಅವನ ಕೈಯಲ್ಲಿ ಕೆಲವನ್ನು ಸಿಜಿಸಿಗೆ ಕಳಿಸಿದೆ. ಫ್ಲಾರಿಡಾದ ಸರಸೋಟದಲ್ಲಿರುವ ಕಂಪನಿ, 2000ರಿಂದ ಈ ಕೆಲಸ ಮಾಡುತ್ತಿದೆ. 0.5ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ಅಂಕದಷ್ಟೇ ಮುಖ್ಯ ಲೇಬಲ್ ಬಣ್ಣ. ನೀಲಿ ಅಂದರೆ ಮಾಮೂಲಿ, ನೇರಳೆ ಅಂದರೆ ರೆಸ್ಟೋರೇಶನ್ (ಹೊಸದರ ಹಾಗೆ ಕಾಣಲಿ ಅಂತ ಮಾಡುವ ರಿಪೇರಿ) ಆಗಿದೆ ಅಂತ. ನೀರು ಹಾಕದ ಒಣ ಸ್ಪಂಜು, ಬಿಳಿ ರಬ್ಬರಿನಲ್ಲಿ ಕೊಳೆ ತೆಗೆದರೆ ಅವರ ಲೆಕ್ಕದಲ್ಲಿ ರೆಸ್ಟೋರೇಶನ್ ಅಲ್ಲ, ಬಿಸಿ ಪ್ರೆಸ್‌ನಲ್ಲಿ ಒತ್ತಿ ಮಡಿಕೆ ತೆಗೆದರೂ ಅಲ್ಲ. ಆದರೆ ನೀರಿನಲ್ಲೋ ಕೆಮಿಕಲ್‌ನಲ್ಲೋ ತೊಳೆದರೆ ನೀಲಿ ಕೈತಪ್ಪಬಹುದು, ಬಣ್ಣ ಹಚ್ಚಿದರೆ, ಹೋದ ತುಂಡು ಸೇರಿಸಿದರೆ, ಅಂಚು ಕತ್ತರಿಸಿದರೆ ನೇರಳೆ. ಜಪಾನಿ ಕಾಗದ, ಗೋಧಿ ಅಂಟು ಬಳಸಿ ನಾಜೂಕಾಗಿ ಹರಿದದ್ದನ್ನು ಕೂಡಿಸಿದ್ದರೆ ಕನ್ಸರ್ವ್ಡ್ ಅಂತ ಬೇರೆ ಲೇಬಲ್ ಇದೆ.

ಇದು ಬರೀ ಹೆಸರಿಗೆ ಇರುವ ನಿಯಮ ಅಂದುಕೊಂಡಿದ್ದೆ, ನನಗೇ ಬಡಿಯಿತು. ಒಂದೇ ಸಂಚಿಕೆಯ ಎರಡು ಪ್ರತಿ, ಅಪ್ಪನದು ಒಂದು, ಚಿಕ್ಕಪ್ಪನದು ಒಂದು. ಅಪ್ಪನದನ್ನು ನಾನೇ ಸ್ಪಂಜಿನಲ್ಲಿ ಒರೆಸಿದೆ. ಚಿಕ್ಕಪ್ಪನ ಪ್ರತಿಯ ಬೆನ್ನು (ಪಿನ್ ಇರುವ ಮಡಿಕೆ) ಜಾಸ್ತಿ ಸವೆದಿತ್ತು, ಹಾಗಾಗಿ ಬೆಂಗಳೂರಿನಲ್ಲಿ ಹಳೆ ಪುಸ್ತಕ ಸರಿಮಾಡಿಕೊಡುವ ಒಬ್ಬರಿಗೆ "ಬರೀ ಕ್ಲೀನ್ ಮಾಡಿ" ಅಂತ ಹೇಳಿ ಕೊಟ್ಟೆ. ವಾಪಸ್ ಬಂದಾಗ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಕೈಚಳಕದ ಬಗ್ಗೆ ನಾಚಿಕೆ ಆಯಿತು. ಫಲಿತಾಂಶ ಬಂತು. ಅಪ್ಪನದಕ್ಕೆ 4.5, ನೀಲಿ. ಚಿಕ್ಕಪ್ಪನದಕ್ಕೆ 6.0, ನೇರಳೆ, ಪಕ್ಕದಲ್ಲಿ ಸಿ-1. ಇದರಲ್ಲಿ ಅಕ್ಷರ ಕೆಲಸದ ಗುಣಮಟ್ಟ, ಎ ಒಳ್ಳೆಯದು, ಸಿ ಕಳಪೆ. ಅಂಕಿ ಎಷ್ಟು ಕೆಲಸ ಆಗಿದೆ ಅನ್ನೋದಕ್ಕೆ, 1ರಿಂದ 5. ಅಂದರೆ ಸ್ವಲ್ಪವೇ ಮಾಡಿದ್ದಾರೆ, ಅದನ್ನೂ ಕೆಟ್ಟದಾಗಿ ಮಾಡಿದ್ದಾರೆ!

ನಡೆದದ್ದು ಇಷ್ಟು. ಬೆನ್ನಿನ ಮೇಲೆ ಬಣ್ಣ ಹೋಗಿ ಬಿಳಿ ಕಾಣುತ್ತಿದ್ದ ಗೆರೆಗಳ ಮೇಲೆಲ್ಲ ಆತ ಸ್ಕೆಚ್ ಪೆನ್ ಆಡಿಸಿದ್ದ. ಅದೇ ಜನ ಸರಿಮಾಡಿಕೊಟ್ಟ ಇನ್ನೊಂದು ಪ್ರತಿ ಮನೆಯಲ್ಲೇ ಇತ್ತು, ಕವರ್ ತೆರೆದು ಒಳಬದಿ ನೋಡಿದೆ. ಪಿನ್ನಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆಗಳು, ಸಾಲಾಗಿ ಏಳೆಂಟು. ಶಾಯಿ ಕಾಗದದಿಂದ ಇಳಿದು ಆ ಕಡೆ ಬಂದಿದೆ. ಅಚ್ಚಿನ ಬಣ್ಣ ಹಾಗೆ ಇಳಿಯಲ್ಲ. ಈಗ ಯಾರಿಂದ ಕಾಮಿಕ್ಸ್ ಕೊಂಡರೂ ಮೊದಲು ಕವರ್ ಒಳಬದಿ ನೋಡುತ್ತೇನೆ. ಕೊಳ್ಳುವವರ ಪ್ರಕಾರ ನೀಲಿ 4.5ರ ಮುಂದೆ ಆ ನೇರಳೆ 6.0 ಲೆಕ್ಕಕ್ಕೇ ಇಲ್ಲ. ಹಚ್ಚಿದ ಬಣ್ಣವನ್ನು ಕೆರೆದು ತೆಗೆಸಿ ಮತ್ತೆ ಗ್ರೇಡ್ ಮಾಡಿಸಬಹುದು, ಅಂಕ ಇಳಿಯುತ್ತದೆ, ಲೇಬಲ್ ನೀಲಿ ಆಗಬಹುದು. ಚಿಕ್ಕಪ್ಪ ಬೇಡ ಅಂದರು, "ಚೆನ್ನಾಗಿ ಕಾಣ್ತಿದೆ ಬಿಡು".

ಅಂಚು ಕತ್ತರಿಸಿದ್ದಕ್ಕೆ ಆ ದಾರಿಯೂ ಇಲ್ಲ. ನಮ್ಮ ಕಡೆ ಇದೇ ದೊಡ್ಡ ಸಮಸ್ಯೆ. ಆಗ ವರ್ಷದ ಸಂಚಿಕೆಗಳನ್ನು ಪಿನ್ ಕಿತ್ತು, ಜೋಡಿಸಿ, ಬೈಂಡಿಂಗ್ ಅಂಗಡಿಗೆ ಕೊಡುತ್ತಿದ್ದರು. ಅವರು ರಟ್ಟು ಹಾಕಿ, ಮೂರು ಕಡೆ ಮಷೀನಿನಲ್ಲಿ ಒಂದೇ ಸಮ ಕತ್ತರಿಸಿ, ನೀಟಾಗಿ ಕೊಡುತ್ತಿದ್ದರು. ಪುಸ್ತಕ ಉಳಿದದ್ದೇ ಆ ಬೈಂಡಿಂಗ್‌ನಿಂದ, ಅದು ಬೇರೆ ಮಾತು. ಬಿಡಿಸಿ ಕಳಿಸಿದರೆ ಮಾತ್ರ ಅಂಚು ಕತ್ತರಿಸಿದ ಕಾಮಿಕ್ಸೇ. ನಮ್ಮಲ್ಲಿ ಅಂಥ ಎರಡು ಕಟ್ಟು ಇವೆ, ಕಳಿಸಿಲ್ಲ, ಮಕ್ಕಳು ಓದುತ್ತವೆ.

ಸೆಲ್ಲೋ ಟೇಪು, ಬಾಲ್ ಪೆನ್ನಿನ ಹೆಸರು, ಲೈಬ್ರರಿ ಸೀಲು, ಇವುಗಳಿಗೆ ಈ ಸ್ಪಂಜು ಏನೂ ಮಾಡಲ್ಲ. ಅವು ದೋಷ ಅಂತ ಅಂಕ ಹೋಗುತ್ತದೆ, ಅಷ್ಟೇ. ಕೆಮಿಕಲ್ ಹಾಕಿ ತೆಗೆಯೋಕೆ ಹೋಗಿ ನೇರಳೆ ಲೇಬಲ್ ತಂದುಕೊಳ್ಳಬೇಡಿ. ಹಳದಿಯಾದ ಹಾಳೆ ಬಿಳಿಯಾಗುತ್ತಾ ಅಂತ ಪ್ರಶ್ನೆ ವಿಭಾಗದಲ್ಲಿ ಒಬ್ಬರು ಕೇಳಿದ್ದಾರೆ. ಆಗಲ್ಲ. ಅದು ಕೊಳೆ ಅಲ್ಲ, ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಒಳಗಿನ ಆಮ್ಲದ ಕೆಲಸ. ಅಂಚು ಮುಟ್ಟಿದರೆ ಪುಡಿ ಉದುರುವ ಹಂತಕ್ಕೆ ಬಂದಿದ್ದರೆ ಸ್ಪಂಜನ್ನೂ ಹತ್ತಿರ ತರಬೇಡಿ.

ಒಂದು ಸ್ಟಾರ್ ಕಡಿಮೆ ಯಾಕೆಂದರೆ ಇದರ ಆಯಸ್ಸು. ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ, ಆದರೆ ಗಾಳಿ ಬೆಳಕಿಗೆ ಈ ರಬ್ಬರು ಒಣಗುತ್ತದೆ. ಮೇಜಿನ ಮೇಲೆ ಬಿಟ್ಟ ಮೊದಲನೆಯದು ಬೇಸಿಗೆ ಕಳೆಯೋ ಹೊತ್ತಿಗೆ ಹಳೆ ರಸ್ಕಿನ ಹಾಗೆ ಆಗಿ, ಒರೆಸಿದರೆ ಅದರದೇ ಹಳದಿ ಪುಡಿ ಪುಟದ ಮಧ್ಯೆ ಸೇರಿಕೊಳ್ಳುತ್ತಿತ್ತು. ಎರಡನೆಯದನ್ನು ತಂದ ದಿನವೇ ನಾಲ್ಕು ತುಂಡು ಮಾಡಿ, ಮೂರನ್ನು ಜಿಪ್ ಕವರಿನಲ್ಲಿ ಗಾಳಿ ತೆಗೆದು ಬೀರುವಿನಲ್ಲಿ ಇಟ್ಟೆ. ಎರಡು ವರ್ಷ ಆಯಿತು, ಕೊನೆಯ ತುಂಡು ಇನ್ನೂ ಮೆತ್ತಗಿದೆ.