ಮಗಳ ಕಾಕ್ಲಿಯರ್ ಇಂಪ್ಲಾಂಟ್: ಆಪರೇಷನ್‌ಗೆ ಐದು ಸ್ಟಾರ್, ಆಮೇಲಿನದಕ್ಕೆ ಎರಡು

ಕಿವಿ ಕೇಳದ ನಮ್ಮ ಮಗಳಿಗೆ, ಒಳಕಿವಿಗೆ ತಂತಿ ಇಟ್ಟು ಸದ್ದು ಕೇಳಿಸುವ ಯಂತ್ರ, ಅಂದರೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಆಸ್ಪತ್ರೆ ಹೆಸರು ಹೇಳುವುದಿಲ್ಲ. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ ಅಂದುಕೊಳ್ಳಿ. ಮಗಳಿಗೆ ಆಗ ಎರಡು ವರ್ಷ. ಕರೆದರೆ ತಿರುಗುತ್ತಿರಲಿಲ್ಲ, "ನಮ್ಮ ಮನೇಲಿ ಎಲ್ಲರಿಗೂ ಮಾತು ತಡಾನೇ" ಅಂತ ನಮ್ಮತ್ತೆ ಹೇಳುತ್ತಿದ್ದರು, ನಾವೂ ನಂಬಿಕೊಂಡು ಕೂತಿದ್ದೆವು.

ಮೊದಲು ಬೆರಾ ಟೆಸ್ಟ್, ಅಂದರೆ ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡುವ ಪರೀಕ್ಷೆ. ಅದಕ್ಕೆ ಮಗು ನಿದ್ದೆ ಮಾಡಬೇಕು, ಹಾಗಾಗಿ ಬೆಳಗಿನ ಜಾವವೇ ಎಬ್ಬಿಸಿ, ಮಲಗೋಕೆ ಬಿಡದೆ ಕರೆತನ್ನಿ ಎಂದಿದ್ದರು. ಸಿಲ್ಕ್ ಬೋರ್ಡ್ ಹತ್ತಿರ ಆಟೊ ನಿಂತಿದ್ದೇ ತಡ, ಮಲಗೇಬಿಟ್ಟಳು! ಆಸ್ಪತ್ರೆ ತಲುಪುವಷ್ಟರಲ್ಲಿ ನಿದ್ದೆ ಮುಗಿಸಿ ಆಟಕ್ಕೆ ರೆಡಿ. ಇನ್ನೊಂದು ದಿನ ಹೋಗಬೇಕಾಯಿತು. ಆಮೇಲೆ ಮೂರು ತಿಂಗಳು ಹಿಯರಿಂಗ್ ಏಡ್ ಹಾಕಿ ನೋಡಿದರು, ಉಪಯೋಗವಾಗಲಿಲ್ಲ. ಸಿಟಿ ಸ್ಕ್ಯಾನ್, ಎಂಆರ್‌ಐ, ಮೆದುಳಿನ ಪೊರೆಯ ಸೋಂಕು (ಮೆನಿಂಜೈಟಿಸ್) ತಡೆಯುವ ಲಸಿಕೆ ಎಲ್ಲ ಬೇಗ ಮುಗಿಯಿತು.

ಸರ್ಜನ್ ಬಗ್ಗೆ ಒಂದು ದೂರೂ ಇಲ್ಲ. ಚೀಟಿ ಮೇಲೆ ಬಸವನಹುಳುವಿನಂಥ ಒಳಕಿವಿ ಬರೆದು, ಅದರ ಸುರುಳಿಯೊಳಗೆ ತಂತಿ ಎಲ್ಲಿ ಹೋಗುತ್ತೆ ಅಂತ ನಮ್ಮತ್ತೆಗೂ ಅರ್ಥವಾಗುವ ಹಾಗೆ ಹೇಳಿದರು. ಸುಮಾರು ಮೂರು ಗಂಟೆ ಆಪರೇಷನ್, ಮೂರನೇ ದಿನ ಮನೆ.

ಸಿಟ್ಟು ಬಂದಿದ್ದು ದುಡ್ಡಿನ ವಿಷಯಕ್ಕೆ. ಒಂದು ಕಿವಿಗೇ ಲಕ್ಷಗಟ್ಟಲೆ. ಚಿಕ್ಕ ಮಕ್ಕಳಿಗೆ ಈ ಖರ್ಚಿಗೆ ನೆರವಾಗುವ ಕೇಂದ್ರದ ಎಡಿಪ್ ಯೋಜನೆ ಇದೆ, ನಮ್ಮ ರಾಜ್ಯದ 'ಶ್ರವಣ ಸಂಜೀವಿನಿ' ಇದೆ, ಬಿಲ್ಲಿಂಗ್ ಕೌಂಟರ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸಾಲ ಮಾಡಿ ಕಟ್ಟಿದ ಮೇಲೆ, ಕೇಳೋದು, ಮಾತಾಡೋದು ಕಲಿಸುವ ಥೆರಪಿಗೆ ಬರುವ ಇನ್ನೊಬ್ಬ ತಾಯಿಯಿಂದ ಗೊತ್ತಾಯಿತು. ವಯಸ್ಸಿನ ಮಿತಿ ಇರುತ್ತೆ, ನೀವು ಮೊದಲೇ ವಿಚಾರಿಸಿ.

ಮೂರು ವಾರದ ನಂತರ ಸ್ವಿಚ್ ಆನ್, ಅಂದರೆ ಯಂತ್ರ ಮೊದಲ ಸಲ ಚಾಲೂ ಮಾಡೋದು. ಮೊಬೈಲ್‌ನಲ್ಲಿ ನೋಡಿದ್ದೆವಲ್ಲ, ಮಗು ನಗುತ್ತೆ, ಅಮ್ಮ ಅಳುತ್ತಾಳೆ. ನಮ್ಮವಳು ಕಿರುಚಿ, ತಲೆಗೆ ಹೊರಗಿನಿಂದ ಅಂಟಿಸುವ ಬಿಲ್ಲೆ (ಕಾಯಿಲ್) ಕಿತ್ತು ಎಸೆದಳು. ಅಷ್ಟು ಅಳು ನೋಡಿ ಭಯವಾಯಿತು, ಆದರೆ ಹೊಸದಾಗಿ ಸದ್ದು ಕೇಳುವ ಮಕ್ಕಳು ಹೀಗೆ ಮಾಡೋದು ಮಾಮೂಲಂತೆ. ಅದನ್ನು ಒಂದು ಮಾತು ಮೊದಲೇ ಹೇಳಬಾರದಿತ್ತಾ?

ಸದ್ದಿನ ಮಟ್ಟ ಹೊಂದಿಸುವ ಮ್ಯಾಪಿಂಗ್‌ಗೆ ಶುರುವಿನಲ್ಲಿ ಮತ್ತೆ ಮತ್ತೆ ಹೋಗಬೇಕು. ಇಡೀ ಆಸ್ಪತ್ರೆಗೆ ಮ್ಯಾಪಿಂಗ್ ಮಾಡೋರು ಒಬ್ಬರೇ, ಅಪಾಯಿಂಟ್‌ಮೆಂಟ್‌ಗೆ ತಿಂಗಳು ಕಾಯಿಸಿದರು. ಥೆರಪಿಸ್ಟ್ ಮಾತ್ರ ಬಂಗಾರ. ದಿನಾ ಬೆಳಿಗ್ಗೆ ಬಾಯಿ ಕಾಣದ ಹಾಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಹೇಳಿ ಪರೀಕ್ಷೆ ಮಾಡೋಕೆ ಕಲಿಸಿದ್ದು ಅವರೇ. ಒಂದು ದಿನ ಯಾವುದಕ್ಕೂ ತಿರುಗಲಿಲ್ಲ. ನೋಡಿದರೆ ಕಾಯಿಲ್ ಕೇಬಲ್ ಕೆಟ್ಟುಹೋಗಿತ್ತು. ಕಂಪನಿಯವರು "ಸ್ಟಾಕ್ ಇಲ್ಲ ಮೇಡಂ" ಅಂದರು, ಒಂಬತ್ತು ದಿನ ಮಗುವಿಗೆ ಏನೂ ಕೇಳಿಸಲಿಲ್ಲ. ಮೊದಲ ದಿನವೇ ಒಂದು ಕೇಬಲ್ ಜಾಸ್ತಿ ತೆಗೆದಿಡಿ. ಕಾಯಿಲ್‌ನಲ್ಲಿ ಅಯಸ್ಕಾಂತ ಇರೋದರಿಂದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪೂ ಹಾಕಿ. ನಮ್ಮದು ಒಮ್ಮೆ ಆಟೊ ಕಂಬಿಗೆ ಅಂಟಿಕೊಂಡಿತ್ತು, ಇಳಿದ ಮೇಲೆ ಡ್ರೈವರಣ್ಣನೇ ನೋಡಿ ಕೂಗಿ ಕೊಟ್ಟರು.

ಈಗ ಕುಕ್ಕರ್ ಕೂಗಿದರೆ ಅಡುಗೆಮನೆ ಕಡೆ ಓಡುತ್ತಾಳೆ. ಎರಡನೇ ಕಿವಿಗೂ ಅದೇ ಸರ್ಜನ್ ಹತ್ತಿರ ಹೋಗುತ್ತೇವೆ, ಮ್ಯಾಪಿಂಗ್ ಬೇರೆ ಕಡೆ.