ಸಣ್ಣ ಉದ್ಯಮಕ್ಕೆ ಸಲಹೆ: ಆಡಿಟರ್ ಬಳಿಯೋ, ಉದ್ಯಮ ಕಚೇರಿಗೋ?

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮನೆಯಲ್ಲೇ ಎಣ್ಣೆ, ಹಪ್ಪಳ ಮಾಡಿ ಮಾರುವವರು ಮೊದಲು ಕೇಳುವುದು ಪಕ್ಕದ ಅಂಗಡಿಯವರನ್ನು. ಬೆಲೆ, ಗಿರಾಕಿಯ ವಿಷಯಕ್ಕೆ ಅದು ಸಾಕು. ತೆರಿಗೆಗೆ ಸಾಲದು.

ಆಡಿಟರ್ ಫೀಸು ತಗೊಳ್ತಾರೆ. ಆದರೂ ಗಡಿಯವರಿಗೆ ಅದು ದಂಡದ ಖರ್ಚಲ್ಲ. ಕೇರಳದಲ್ಲಿ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗಾದರೆ 20 ಲಕ್ಷ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ತೆಂಗಿನೆಣ್ಣೆಯಂಥ ತೆರಿಗೆ ಇರುವ ಸರಕನ್ನು ಮಂಗಳೂರಿನ ಅಂಗಡಿಗೆ ಕಳಿಸಿದರೆ? ಅದು ಬೇರೆ ರಾಜ್ಯ. ಆಗ ಆ ಮಿತಿ ಲೆಕ್ಕಕ್ಕೇ ಬರುವುದಿಲ್ಲ, ವಹಿವಾಟು ಚಿಕ್ಕದಾದರೂ ಸಾಮಾನ್ಯವಾಗಿ ನೋಂದಣಿ ಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಅದರ ಲೆಕ್ಕವೇ ಬೇರೆ. ಇಂಥ ವ್ಯತ್ಯಾಸವನ್ನು ಅಂದಾಜಿನಲ್ಲಿ ಬಿಡಬಾರದು, ಅಲ್ವಾ?

ಸಾಲ, ಸಬ್ಸಿಡಿ ಬೇಕಿದ್ದರೆ ಜಿಲ್ಲಾ ಉದ್ಯಮ ಕೇಂದ್ರವೇ ಸರಿ. ಅಲ್ಲಿ ಮಾರ್ಗದರ್ಶನಕ್ಕೆ ದುಡ್ಡು ಕೊಡಬೇಕಿಲ್ಲ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯೂ ಉಚಿತ, ಅದಕ್ಕೆಂದು ಏಜೆಂಟರಿಗೆ ಸುಮ್ನೆ ಹಣ ಕೊಡಬೇಡಿ. ಮಲಯಾಳದ ಫಾರಂ ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ವಿವರಿಸಲು ಕೇಳಿ. ಇದರಲ್ಲಿ ಸಂಕೋಚ ಬೇಡ.

ತೆಂಗಿನಿಂದ ಹೊಸ ತಿಂಡಿ ಮಾಡುವ ಯೋಚನೆಯಿದ್ದರೆ ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ. ತೆಂಗಿನ ಚಿಪ್ಸ್, ಕಲ್ಪರಸದ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ) ತಂತ್ರಜ್ಞಾನ ಅಲ್ಲಿಯದೇ.

ಎಣ್ಣೆ ಮಂಗಳೂರಿಗೆ ಹೋಗುವುದಾದರೆ ನಾನು ಹೇಳುವುದು ಆಡಿಟರ್ ಮೊದಲು. ಊರಲ್ಲೇ ಮಾರಿ, ಮಷೀನಿಗೆ ಸಾಲ ಮಾತ್ರ ಬೇಕಿದ್ದರೆ ಉದ್ಯಮ ಕೇಂದ್ರ.