ಬೇರ್ಸ್–ಪ್ಯಾಕರ್ಸ್ ಡ್ರಾಫ್ಟ್ ಜಗಳಕ್ಕೆ ಪ್ರೊ ಫುಟ್‌ಬಾಲ್ ರೆಫರೆನ್ಸ್: ಯಾವ ಅಂಕಿ ನಂಬಬೇಕು, ಯಾವುದನ್ನು ನಂಬಬಾರದು

ಅಮೆರಿಕನ್ ಫುಟ್‌ಬಾಲ್ ತಂಡಗಳಾದ ಶಿಕಾಗೊ ಬೇರ್ಸ್ ಮತ್ತು ಗ್ರೀನ್ ಬೇ ಪ್ಯಾಕರ್ಸ್ ಅಭಿಮಾನಿಗಳು ಎದುರುಬದುರಾದರೆ ಮಾತು ಎಲ್ಲಿಂದ ಶುರುವಾದರೂ 2017ರ ಡ್ರಾಫ್ಟಿಗೆ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಗೆ) ಬಂದು ನಿಲ್ಲುತ್ತದೆ. ಬೇರ್ಸ್ ಎರಡನೇ ಆಯ್ಕೆಯಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಮಿಚೆಲ್ ಟ್ರುಬಿಸ್ಕಿಯನ್ನು ತೆಗೆದುಕೊಂಡಿತು. ಅದೇ ಪಾತ್ರದ ಪ್ಯಾಟ್ರಿಕ್ ಮಹೋಮ್ಸ್ ಹತ್ತನೆಯವನಾಗಿ ಕಾನ್ಸಾಸ್ ಸಿಟಿಗೆ ಹೋದ, ಡೆಶಾನ್ ವಾಟ್ಸನ್ ಹನ್ನೆರಡನೆಯವನಾಗಿ ಹ್ಯೂಸ್ಟನ್‌ಗೆ. ಬೇರ್ಸ್‌ಗೆ ಆಟಗಾರರನ್ನು ಆರಿಸಲು ಬರುವುದಿಲ್ಲ, ಅದಕ್ಕೇ ಆಫೆನ್ಸ್ (ಚೆಂಡು ಕೈಲಿದ್ದಾಗ ಆಡುವ ಪಡೆ) ಏಳಲಿಲ್ಲ ಎನ್ನುವುದು ಪ್ಯಾಕರ್ಸ್ ಕಡೆಯ ವಾದ. ಹುಡುಗರು ಚೆನ್ನಾಗಿಯೇ ಇದ್ದರು, ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಲೈನ್ ಮತ್ತು ಕೋಚ್‌ಗಳು ಕೆಡಿಸಿದರು ಎನ್ನುವುದು ಬೇರ್ಸ್ ಕಡೆಯ ಉತ್ತರ. ಶಿಕಾಗೊ ಸುತ್ತ ನೆಲೆಸಿ ಅಮೆರಿಕನ್ ಫುಟ್‌ಬಾಲ್ ನೋಡುವ ಕನ್ನಡಿಗರಿಗೆ ಇದು ಹೊಸ ವಾದವೇನಲ್ಲ.

ಈ ಜಗಳಕ್ಕೆ ದಾಖಲೆ ಬೇಕೆಂದಾಗ ಎರಡೂ ಕಡೆಯವರು ತೆರೆಯುವ ತಾಣ ಪ್ರೊ ಫುಟ್‌ಬಾಲ್ ರೆಫರೆನ್ಸ್. ಡಗ್ ಡ್ರಿನನ್ 2000ದಲ್ಲಿ ಶುರು ಮಾಡಿದ್ದು. ಈಗ ಫಿಲಡೆಲ್ಫಿಯಾದ ಸ್ಪೋರ್ಟ್ಸ್ ರೆಫರೆನ್ಸ್ ಕಂಪನಿಯ ಭಾಗ. ಬಹುಪಾಲು ಉಚಿತ. ಯಾರನ್ನು ಆರಿಸಿದರು, ಆಮೇಲೆ ಅವನು ಎಷ್ಟು ಆಡಿದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ತಾಣ ಇಲ್ಲ. ಆದರೆ ಆಫೆನ್ಸ್ ಯಾಕೆ ಸೋಲುತ್ತಿದೆ ಎಂಬ ಪ್ರಶ್ನೆಗೆ ಇದರ ಅತಿ ಜನಪ್ರಿಯ ಅಂಕಿಯಾದ ಎವಿಯನ್ನೇ (ಆಟಗಾರನ ಮೌಲ್ಯದ ಅಂದಾಜು) ಉತ್ತರವಾಗಿ ಹಿಡಿದರೆ ದಾರಿ ತಪ್ಪುತ್ತದೆ. ವಾದಗಳು ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಹೊಸಬರಿಗಾಗಿ ಎರಡು ಮಾತು. ಡ್ರಾಫ್ಟ್‌ನಲ್ಲಿ ಐಪಿಎಲ್ ಹರಾಜಿನ ಹಾಗೆ ದುಡ್ಡಿನ ಪೈಪೋಟಿ ಇಲ್ಲ. ಹಿಂದಿನ ಸೀಸನ್‌ನಲ್ಲಿ ತಳ ಸೇರಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು, ಒಟ್ಟು ಏಳು ಸುತ್ತು. ಸರದಿಯನ್ನೇ ತಂಡಗಳು ಅದಲುಬದಲು ಮಾಡಿಕೊಳ್ಳಬಹುದು.

ತಾಣದಲ್ಲಿ ಡ್ರಾಫ್ಟ್‌ಗೆ ಎರಡು ಬಗೆಯ ಪುಟಗಳಿವೆ. ಒಂದು ವರ್ಷವಾರು, ಇನ್ನೊಂದು ತಂಡವಾರು. ತಂಡದ ಪುಟದಲ್ಲಿ ಬೇರ್ಸ್ 1936ರ ಮೊಟ್ಟಮೊದಲ ಡ್ರಾಫ್ಟ್‌ನಿಂದ ಇಲ್ಲಿಯವರೆಗೆ ತೆಗೆದುಕೊಂಡವರೆಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತಾರೆ. ಜಗಳಕ್ಕೆ ಹೆಚ್ಚು ಉಪಯುಕ್ತ ವರ್ಷದ ಪುಟ, ಏಕೆಂದರೆ ತಂಡ ಆರಿಸದೆ ಬಿಟ್ಟವರು ಕಾಣುವುದು ಅಲ್ಲಿ ಮಾತ್ರ. 2017ರ ಪುಟ ತೆರೆದು, ಮೇಲಿನ ಸಾಲಿನಲ್ಲಿ ಪೊಸಿಷನ್ ಕಾಲಂ ಒತ್ತಿದರೆ ಒಂದೇ ಪಾತ್ರದವರೆಲ್ಲ ಒಟ್ಟಿಗೆ ಬರುತ್ತಾರೆ. ಆಮೇಲೆ ಡಬ್ಲ್ಯೂಎವಿ (wAV) ಮತ್ತು ಡಿಆರ್‌ಎವಿ (DrAV) ಕಾಲಂಗಳನ್ನು ಓದಬೇಕು. ಮೊದಲನೆಯದು ಆಟಗಾರನ ಇಡೀ ವೃತ್ತಿಯ ತೂಕ, ಎರಡನೆಯದು ಅವನನ್ನು ಆರಿಸಿದ ತಂಡಕ್ಕೆ ದಕ್ಕಿದ್ದು ಮಾತ್ರ.

ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ವಾದಕ್ಕಿಳಿಯಬಾರದು. ದಾವಂತೆ ಆಡಮ್ಸ್‌ನನ್ನು ಪ್ಯಾಕರ್ಸ್ 2014ರಲ್ಲಿ 53ನೇ ಆಯ್ಕೆಯಾಗಿ ತೆಗೆದುಕೊಂಡು 2022ರಲ್ಲಿ ರೈಡರ್ಸ್‌ಗೆ ಕಳಿಸಿತು. ಅನಂತರದ ಆಟ ಡಬ್ಲ್ಯೂಎವಿಯಲ್ಲಿದೆ, ಡಿಆರ್‌ಎವಿಯಲ್ಲಿಲ್ಲ. ಕಲೀಲ್ ಮ್ಯಾಕ್ ಬೇರ್ಸ್‌ಗಾಗಿ ಆಡಿದ್ದು ಬೇರ್ಸ್‌ನ ಡ್ರಾಫ್ಟ್ ಲೆಕ್ಕಕ್ಕೆ ಬರುವುದೇ ಇಲ್ಲ, ಅವನು ರೈಡರ್ಸ್ ಆಯ್ಕೆ. ಅವನಿಗಾಗಿ ಬೇರ್ಸ್ 2019 ಮತ್ತು 2020ರ ಮೊದಲ ಸುತ್ತಿನ ಸರದಿಗಳನ್ನು ಕೊಟ್ಟಿತ್ತು. ಆ ಎರಡು ವರ್ಷದ ಪಟ್ಟಿ ತೋರಿಸಿ ಮೊದಲ ಸುತ್ತಿನಲ್ಲಿ ಏನೂ ಗಿಟ್ಟಲಿಲ್ಲ ಎನ್ನುವವರು ಅರ್ಧ ಪುಟ ಮಾತ್ರ ಓದಿದ್ದಾರೆ.

ತಾಣದ ದೊಡ್ಡ ಕೊರತೆಯೂ ಇಲ್ಲೇ ಇದೆ. ಆಯ್ಕೆಯ ಸಾಲಿನಲ್ಲಿ ತಂಡ, ಸುತ್ತು, ಕ್ರಮಸಂಖ್ಯೆ ಇರುತ್ತವೆ. ಆ ಸರದಿಗೆ ಏನು ಬೆಲೆ ತೆತ್ತರು ಎಂಬುದು ಇರುವುದಿಲ್ಲ. ಟ್ರುಬಿಸ್ಕಿಗಾಗಿ ಬೇರ್ಸ್ ಮೂರನೇ ಸ್ಥಾನದಿಂದ ಎರಡಕ್ಕೆ ಏರಿತು. ಒಂದೇ ಒಂದು ಮೆಟ್ಟಿಲು. ಅದಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟದ್ದು 3, 67, 111ನೇ ಸರದಿಗಳು, ಜೊತೆಗೆ 2018ರ ಮೂರನೇ ಸುತ್ತಿನದೊಂದು. ಜಿಮ್ಮಿ ಜಾನ್ಸನ್ ಹೆಸರಿನ ಹಳೆಯ ಸರದಿ ಮೌಲ್ಯಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ 2600, ಮೂರನೆಯದಕ್ಕೆ 2200, 67ಕ್ಕೆ 255, 111ಕ್ಕೆ 72. ಬೇರ್ಸ್ ಆ ವರ್ಷ ಕೊಟ್ಟದ್ದೇ 2527 ಆಯಿತು, ಮೇಲೆ ಮರುವರ್ಷದ ಸರದಿ ಬೇರೆ. ಅಂದರೆ ಪಟ್ಟಿಯ ಪ್ರಕಾರ ವಿನಿಮಯ ಅಷ್ಟೇನೂ ವಿಪರೀತದ್ದಲ್ಲ. ಹಾಗಾಗಿ ಬೇರ್ಸ್‌ನವರು ಬೆಲೆಯನ್ನು ಸಮರ್ಥಿಸಿಕೊಳ್ಳಬಹುದು, ಆಯ್ಕೆಯನ್ನಲ್ಲ: ಕಾಲೇಜಿನಲ್ಲಿ 13 ಪಂದ್ಯ ಮಾತ್ರ ಸ್ಟಾರ್ಟ್ ಮಾಡಿದ್ದವನನ್ನು (ಆರಂಭದ ತಂಡದಲ್ಲಿ ಇಳಿದಿದ್ದವನನ್ನು) ಮಹೋಮ್ಸ್‌ಗಿಂತ ಮೇಲಿಟ್ಟದ್ದು ತಪ್ಪೇ.

ಪ್ಯಾಕರ್ಸ್ ಕಡೆಯವರು ಅದೇ ವರ್ಷದ ಪುಟವನ್ನು ಇನ್ನೂ ಸ್ವಲ್ಪ ಕೆಳಗೆ ಸರಿಸಿ ನೋಡುವುದು ನ್ಯಾಯ. 29ನೇ ಸರದಿ ಅವರದ್ದಾಗಿತ್ತು. ಅದನ್ನು ಕ್ಲೀವ್‌ಲ್ಯಾಂಡ್‌ಗೆ ಬಿಟ್ಟು 33 ಮತ್ತು 108ನೆಯವನ್ನು ಪಡೆದರು, 33ರಲ್ಲಿ ಕೆವಿನ್ ಕಿಂಗ್‌ನನ್ನು ತೆಗೆದುಕೊಂಡರು. ನಡುವೆ 30ನೆಯವನಾಗಿ ಪಿಟ್ಸ್‌ಬರ್ಗ್‌ಗೆ ಹೋದವನು ಟಿ.ಜೆ. ವಾಟ್, ಅದೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹುಡುಗ. 1989ರ ಪುಟವಂತೂ ಗ್ರೀನ್ ಬೇಗೆ ಇನ್ನೂ ಕಹಿ. ಮೊದಲ ಐದು ಹೆಸರು ಟ್ರಾಯ್ ಐಕ್‌ಮನ್, ಟೋನಿ ಮ್ಯಾಂಡರಿಚ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ನಾಲ್ವರು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಇಲ್ಲದವನು ಮ್ಯಾಂಡರಿಚ್, ಪ್ಯಾಕರ್ಸ್ ಆಯ್ಕೆ.

ಈಗ ಎವಿ, ಅಂದರೆ ಅಪ್ರಾಕ್ಸಿಮೇಟ್ ವ್ಯಾಲ್ಯೂ. ಎಲ್ಲ ಪಾತ್ರದ ಆಟಗಾರರನ್ನೂ ಒಂದೇ ಅಳತೆಯಲ್ಲಿ ತೂಗಲು ಡ್ರಿನನ್ ರೂಪಿಸಿದ ಸೂತ್ರ ಇದು. ಆಫೆನ್ಸ್‌ಗೆ ಲೆಕ್ಕ ಶುರುವಾಗುವುದು ತಂಡದಿಂದ. ತಂಡ ಪ್ರತಿ ಡ್ರೈವ್‌ಗೆ (ಚೆಂಡು ಒಮ್ಮೆ ಕೈಗೆ ಬಂದಾಗಿನ ಆಟಕ್ಕೆ) ಗಳಿಸಿದ ಪಾಯಿಂಟ್‌ಗಳನ್ನು ಲೀಗ್ ಸರಾಸರಿಗೆ ಹೋಲಿಸುತ್ತಾರೆ, ಸರಾಸರಿ ತಂಡಕ್ಕೆ 100. ಆ ಮೊತ್ತದ 11ರಲ್ಲಿ 5 ಭಾಗ ಲೈನ್‌ಗೆ, ಉಳಿದದ್ದು ಎಸೆಯುವವರಿಗೆ, ಓಡುವವರಿಗೆ, ಹಿಡಿಯುವವರಿಗೆ. ಲೈನ್‌ನ ಪಾಲನ್ನು ಆಟಗಾರರ ನಡುವೆ ಹಂಚುವಾಗ ನೋಡುವುದು ಎಷ್ಟು ಪಂದ್ಯ ಆಡಿದ, ಎಷ್ಟರಲ್ಲಿ ಸ್ಟಾರ್ಟ್ ಮಾಡಿದ, ಆಲ್-ಪ್ರೊ, ಪ್ರೊ ಬೌಲ್‌ನಂಥ, ವರ್ಷದ ಶ್ರೇಷ್ಠರಿಗೆ ಸಿಗುವ ಗೌರವ ಬಂತೇ ಎಂಬುದನ್ನು. ಅವನು ನಿಜವಾಗಿ ಎಷ್ಟು ಚೆನ್ನಾಗಿ ತಡೆದ ಎಂಬುದು ಸೂತ್ರದೊಳಗೆ ಎಲ್ಲೂ ಇಲ್ಲ.

ಇದರ ಪರಿಣಾಮ ನೋಡಿ. ಕ್ವಾರ್ಟರ್‌ಬ್ಯಾಕ್ ಕೆಟ್ಟದಾಗಿ ಆಡಿ ತಂಡದ ಪಾಯಿಂಟ್ ಇಳಿದರೆ ಲೈನ್‌ಮನ್‌ಗಳ ಎವಿಯೂ ಇಳಿಯುತ್ತದೆ. ಲೈನ್ ಸೋತು ಪಾಯಿಂಟ್ ಇಳಿದರೆ ಕ್ವಾರ್ಟರ್‌ಬ್ಯಾಕ್‌ನದೂ ಇಳಿಯುತ್ತದೆ. ಆಮೇಲೆ ಅದೇ ಎವಿಯನ್ನು ಹಿಡಿದು ಇವರ ಲೈನ್‌ಮನ್ ಆಯ್ಕೆಗಳೆಲ್ಲ ಕೆಟ್ಟವು, ಅದಕ್ಕೇ ಆಫೆನ್ಸ್ ಸೋತಿತು ಎಂದರೆ ಫಲಿತಾಂಶವನ್ನೇ ಕಾರಣವೆಂದು ಹೇಳಿದಂತಾಯಿತು. ಎವಿ ಬಳಸಬೇಕಾದ್ದು ಒಂದು ಇಡೀ ವರ್ಷದ ಆಯ್ಕೆಗಳನ್ನು ಇನ್ನೊಂದು ವರ್ಷದ್ದಕ್ಕೆ ಹೋಲಿಸುವಾಗ. ಒಬ್ಬ ಲೈನ್‌ಮನ್‌ನನ್ನು ಇನ್ನೊಬ್ಬನಿಗೆ ಹೋಲಿಸಲು ಅಲ್ಲವೇ ಅಲ್ಲ.

ಹಾಗಾದರೆ ತಪ್ಪು ಲೈನ್‌ನದೋ ಎಸೆಯುವವನದೋ ಎಂದು ನೋಡುವುದು ಹೇಗೆ? ಇದಕ್ಕೆ ಬೇಕಾದ ಸಾಮಗ್ರಿ ಇದೇ ತಾಣದಲ್ಲಿದೆ, ಸ್ವಲ್ಪ ಒಳಗೆ ಹೋಗಬೇಕು. ಬೇರ್ಸ್ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್‌ನ 2024ನ್ನೇ ತೆಗೆದುಕೊಳ್ಳಿ. ಆ ವರ್ಷದ ಮೊದಲ ಆಯ್ಕೆ ಅವನು. 562 ಎಸೆತ, 3541 ಗಜ, 20 ಟಚ್‌ಡೌನ್ (ಕೊನೆಯ ಗೆರೆ ದಾಟಿದ ಗಳಿಕೆ), 6 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈಗೆ ಸಿಕ್ಕಿದ್ದು). ಪ್ರತಿ ಎಸೆತಕ್ಕೆ 6.3 ಗಜ. ಇದೇ ಸಾಲನ್ನು ಬಲಕ್ಕೆ ಸರಿಸಿದರೆ 68 ಸ್ಯಾಕ್ (ಎಸೆಯುವ ಮೊದಲೇ ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನನ್ನು ಉರುಳಿಸಿದ್ದು) ಕಾಣುತ್ತದೆ. ಸ್ಯಾಕ್ ಶೇಕಡಾವಾರು ಎಂದರೆ ಸ್ಯಾಕ್‌ಗಳನ್ನು ಎಸೆತ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸಿದ್ದು: 68 ಭಾಗಿಸು 630, ಅಂದರೆ 10.8. ಇದರ ಪಕ್ಕದಲ್ಲಿರುವ ಎಎನ್‌ವೈ/ಎ (ANY/A, ಪ್ರತಿ ಎಸೆತಕ್ಕೆ ಪರಿಷ್ಕೃತ ನಿವ್ವಳ ಗಜ) ಕಾಲಂ ನನ್ನ ಮಟ್ಟಿಗೆ ಇಡೀ ತಾಣದ ಅತ್ಯುತ್ತಮ ಅಂಕಿ. ಗಜಗಳಿಗೆ ಪ್ರತಿ ಟಚ್‌ಡೌನ್‌ಗೆ 20 ಸೇರಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 45 ಕಳೆದು, ಸ್ಯಾಕ್‌ನಲ್ಲಿ ಹೋದ ಗಜಗಳನ್ನೂ ಕಳೆದು, ಎಸೆತ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸುತ್ತಾರೆ. ಆರು ಗಜದ ಮೇಲಿದ್ದ ವಿಲಿಯಮ್ಸ್ ಇಲ್ಲಿ ಐದರ ಆಸುಪಾಸಿಗೆ ಬರುತ್ತಾನೆ. ಇಂಟರ್‌ಸೆಪ್ಷನ್ ಇಷ್ಟು ಕಡಿಮೆ ಇದ್ದೂ ಆಫೆನ್ಸ್ ಯಾಕೆ ನಿಂತಲ್ಲೇ ನಿಂತಿತು ಎಂಬುದಕ್ಕೆ ಈ ಇಳಿಕೆಯೇ ಸಾಕ್ಷಿ.

ಮುಂದಿನ ಹೆಜ್ಜೆ ಹೋಲಿಕೆ. ವಿಲಿಯಮ್ಸ್‌ಗಿಂತ ಮೊದಲು ಬೇರ್ಸ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಸ್ಟಿನ್ ಫೀಲ್ಡ್ಸ್ 2022ರಲ್ಲಿ 318 ಎಸೆತಕ್ಕೆ 55 ಸ್ಯಾಕ್ ತಿಂದ, ಶೇಕಡಾ 14.7. ಒಂದೇ ತಂಡದಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಹೀಗೆ ನೆಲಕ್ಕುರುಳಿದ್ದು ಬೇರ್ಸ್ ಅಭಿಮಾನಿಯ ಲೈನ್ ವಾದಕ್ಕೆ ಬಲ ಕೊಡುತ್ತದೆ. ಆದರೆ ಫೀಲ್ಡ್ಸ್ 2024ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋದ ಮೇಲೂ ಆ ಶೇಕಡಾವಾರು ಸುಮಾರು 9ರಲ್ಲೇ ಇತ್ತು. ಚೆಂಡನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವ ಚಾಳಿ ಕ್ವಾರ್ಟರ್‌ಬ್ಯಾಕ್ ಜೊತೆಗೇ ತಂಡದಿಂದ ತಂಡಕ್ಕೆ ಹೋಗುತ್ತದೆ. ಆದ್ದರಿಂದ ಸ್ಯಾಕ್ ಸಂಖ್ಯೆಯೊಂದನ್ನೇ ಲೈನ್ ಮೇಲೆ ಹೊರಿಸಬೇಡಿ. 2018ರಿಂದ ಈಚೆಗೆ ಸಿಗುವ ಅಡ್ವಾನ್ಸ್ಡ್ ಪಾಸಿಂಗ್ ಕೋಷ್ಟಕದಲ್ಲಿ ಪ್ರೆಷರ್ (ಎಸೆಯುವವನ ಮೇಲೆ ಎದುರಾಳಿ ತಂದ ಒತ್ತಡ) ಶೇಕಡಾವಾರು ನೋಡಿ. ಪ್ರೆಷರ್ ಸಾಧಾರಣ, ಸ್ಯಾಕ್ ವಿಪರೀತ ಎಂದಿದ್ದರೆ ಕೈ ತೋರಿಸಬೇಕಾದ್ದು ಮೊದಲು ಕ್ವಾರ್ಟರ್‌ಬ್ಯಾಕ್ ಕಡೆಗೆ.

ಲೈನ್‌ಗೆ ಡ್ರಾಫ್ಟ್‌ನಲ್ಲಿ ಎಷ್ಟು ಹಾಕಿದರು ಎಂದು ತಿಳಿಯಲು ಆ ವರ್ಷದ ತಂಡದ ಪುಟದಿಂದ ರೋಸ್ಟರ್‌ಗೆ (ಆಟಗಾರರ ಪಟ್ಟಿಗೆ) ಹೋಗಿ, ಸ್ಟಾರ್ಟರ್‌ಗಳು ಎಲ್ಲಿಂದ ಬಂದವರು ಎಂದು ನೋಡಿ. 2024ರ ಬೇರ್ಸ್‌ನಲ್ಲಿ ಎಡ ಟ್ಯಾಕಲ್ (ಲೈನ್‌ನ ಎಡ ಅಂಚಿನವನು) ಬ್ರಾಕ್ಸ್‌ಟನ್ ಜೋನ್ಸ್ ಐದನೇ ಸುತ್ತು, ಟೆವನ್ ಜೆಂಕಿನ್ಸ್ ಎರಡನೇ ಸುತ್ತು, ಬಲ ಟ್ಯಾಕಲ್ ಡಾರ್ನೆಲ್ ರೈಟ್ 2023ರ ಹತ್ತನೇ ಆಯ್ಕೆ. ಸೆಂಟರ್ ಕೋಲ್‌ಮನ್ ಶೆಲ್ಟನ್‌ನನ್ನು ಡ್ರಾಫ್ಟ್‌ನಲ್ಲಿ ಯಾವ ತಂಡವೂ ತೆಗೆದುಕೊಂಡಿರಲಿಲ್ಲ. ಇನ್ನು ಪಂದ್ಯದ ಬಾಕ್ಸ್ ಸ್ಕೋರ್ ತೆರೆದರೆ 2012ರಿಂದ ಈಚೆಗೆ ಸ್ನ್ಯಾಪ್ ಕೌಂಟ್ (ಒಬ್ಬ ಎಷ್ಟು ಪ್ಲೇಗಳಲ್ಲಿ ಮೈದಾನದಲ್ಲಿದ್ದ ಎಂಬ ಎಣಿಕೆ) ಇದೆ. ಒಬ್ಬ ಗಾಯಗೊಂಡು ಹೊರಬಿದ್ದ ವಾರ ಯಾರು ಎಷ್ಟು ಸ್ನ್ಯಾಪ್ ಆಡಿದರು ಎಂಬುದು ತಿಳಿಯುತ್ತದೆ. ಮುಂದಿನ ವರ್ಷಕ್ಕೆ ಬೇರ್ಸ್ ಈ ಲೈನ್‌ನ ಒಳಭಾಗವನ್ನು ಪೂರ್ತಿ ಬದಲಿಸಿತು: ಜೋ ಥೂನಿ, ಜೋನಾ ಜಾಕ್ಸನ್, ಡ್ರೂ ಡಾಲ್‌ಮನ್. ಮೂವರೂ ಬೇರೆ ತಂಡಗಳು ಆರಿಸಿ ಬೆಳೆಸಿದವರು. ಹೊಸ ಕೋಚ್ ಬೆನ್ ಜಾನ್ಸನ್ ಕೈಕೆಳಗೆ 2025ರಲ್ಲಿ ವಿಲಿಯಮ್ಸ್ ತಿಂದ ಸ್ಯಾಕ್ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ ಬಂತು, ತಂಡ 11-6ರಲ್ಲಿ ಡಿವಿಷನ್ ಗೆದ್ದಿತು. ಇದನ್ನು ಬೇರ್ಸ್‌ನ ಡ್ರಾಫ್ಟ್ ಪುಟ ಎಷ್ಟು ತಿರುವಿದರೂ ವಿವರಿಸಲಾರದು.

ಬಳಸುವಾಗ ಎಡವಿಸುವ ಸಣ್ಣ ಸಂಗತಿಗಳಿವೆ. ಕೋಷ್ಟಕದಲ್ಲಿ ಗ್ರೀನ್ ಬೇಗೆ ಜಿಎನ್‌ಬಿ ಎಂದಿರುತ್ತದೆ. ಪ್ರೊ ಬೌಲ್ ಕಾಲಂನಲ್ಲಿ ಮೊದಲೇ ಆಯ್ಕೆಯಾದವನಿಗೂ ಬದಲಿಯಾಗಿ ಕರೆಸಿಕೊಂಡವನಿಗೂ ಒಂದೇ ಗುರುತು. 2018ರ ಟ್ರುಬಿಸ್ಕಿಯ ಪ್ರೊ ಬೌಲ್, ಸೂಪರ್ ಬೌಲ್‌ಗೆ ಹೋದ ಜೇರೆಡ್ ಗಾಫ್ ಬದಲಿಗೆ ಬಂದದ್ದು. ಫೋನ್‌ನಲ್ಲಿ ಬಲಗಡೆಯ ಕಾಲಂಗಳು ಪರದೆಯ ಆಚೆ ಉಳಿಯುತ್ತವೆ, ಸ್ಯಾಕ್ ಅಂಕಿಗಳು ಇರುವುದೇ ಅಲ್ಲಿ, ಆದ್ದರಿಂದ ಫೋನನ್ನು ಅಡ್ಡ ಹಿಡಿಯಿರಿ. ಕೋಷ್ಟಕದ ಮೇಲಿನ ಶೇರ್ ಮತ್ತು ಎಕ್ಸ್‌ಪೋರ್ಟ್ ಮೆನುವಿನಿಂದ ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ವರ್ಷದ ಡ್ರಾಫ್ಟ್ ಪುಟದಲ್ಲಿ ನಡುನಡುವೆ ಬರುವ ತಲೆಸಾಲುಗಳನ್ನು ಅಳಿಸಿದ ಮೇಲೇ ಮೊತ್ತ ಹಾಕಿ. ಪ್ರೋಗ್ರಾಂ ಬರೆದು ಪುಟಗಳನ್ನು ಸರಸರನೆ ಎಳೆಯಲು ಹೋದರೆ ತಾಣ ನಿಮ್ಮನ್ನು ಕೆಲ ಹೊತ್ತು ಹೊರಗಿಡುತ್ತದೆ.

ಸ್ಟ್ಯಾಟ್‌ಹೆಡ್ ಎಂಬ ಪಾವತಿ ಸೇವೆ ಬೇಕೇ? ಕಳೆದ ಇಪ್ಪತ್ತು ವರ್ಷಗಳಲ್ಲಿ 20ರಿಂದ 32ನೇ ಸ್ಥಾನದ ನಡುವೆ ಆಯ್ಕೆಯಾದ ರಿಸೀವರ್‌ಗಳೆಲ್ಲ ಒಂದೇ ಪಟ್ಟಿಯಲ್ಲಿ ಬರಲಿ ಎಂಬಂಥ ಹುಡುಕಾಟಕ್ಕೆ ಅದು ಚೆನ್ನ. ಎರಡು ತಂಡಗಳ ವಾದಕ್ಕೆ ಬೇಡ. ವರ್ಷದ ಪುಟಗಳನ್ನು ಒಂದೊಂದಾಗಿ ತೆರೆದರೆ ಅದೇ ಮಾಹಿತಿ ಪುಕ್ಕಟೆ ಸಿಗುತ್ತದೆ, ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ ಅಷ್ಟೆ.

ಒಂದು ಆಯ್ಕೆಯ ಬಗ್ಗೆ ತೀರ್ಮಾನಕ್ಕೆ ಬರಲು ಎಷ್ಟು ವರ್ಷ ಕಾಯಬೇಕು ಎಂಬುದಕ್ಕೆ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಒಳ್ಳೆಯ ಉದಾಹರಣೆ. ಪ್ಯಾಕರ್ಸ್ 2020ರಲ್ಲಿ ನಾಲ್ಕನೇ ಸುತ್ತಿನ ಸರದಿಯನ್ನೂ ಕೊಟ್ಟು 30ರಿಂದ 26ಕ್ಕೆ ಏರಿ ಅವನನ್ನು ತೆಗೆದುಕೊಂಡಿತು. ಆಗ ಕ್ವಾರ್ಟರ್‌ಬ್ಯಾಕ್ ಆಗಿ ಆಡುತ್ತಿದ್ದ ಆರನ್ ರಾಜರ್ಸ್ ಹಿಂದೆ ಮೂರು ಸೀಸನ್ ಕೂತ. 2022ರ ಕೊನೆಗೆ 2020ರ ಡ್ರಾಫ್ಟ್ ಪುಟ ನೋಡಿದವರು ಅದನ್ನು ದಂಡವೆಂದೇ ತೀರ್ಮಾನಿಸುತ್ತಿದ್ದರು, ಮರುವರ್ಷವೇ ಅವನು ತಂಡವನ್ನು ಪ್ಲೇಆಫ್‌ಗೆ ಒಯ್ದ. ಗ್ರೀನ್ ಬೇಯಲ್ಲೇ ನಡೆದ 2025ರ ಡ್ರಾಫ್ಟ್‌ನಲ್ಲಿ ಬೇರ್ಸ್ ಹತ್ತನೆಯವನಾಗಿ ಟೈಟ್ ಎಂಡ್ (ತಡೆಯುವುದು, ಚೆಂಡು ಹಿಡಿಯುವುದು ಎರಡೂ ಮಾಡುವವನು) ಕೋಲ್ಸ್‌ಟನ್ ಲವ್‌ಲ್ಯಾಂಡ್‌ನನ್ನು, ಪ್ಯಾಕರ್ಸ್ 23ನೆಯವನಾಗಿ ಮ್ಯಾಥ್ಯೂ ಗೋಲ್ಡನ್‌ನನ್ನು ತೆಗೆದುಕೊಂಡವು. 2002ರ ಜಾವನ್ ವಾಕರ್ ನಂತರ ಮೊದಲ ಸುತ್ತಿನಲ್ಲಿ ಪ್ಯಾಕರ್ಸ್ ಆರಿಸಿದ ಮೊದಲ ರಿಸೀವರ್ ಗೋಲ್ಡನ್. ಇವರಿಬ್ಬರನ್ನು ಹೋಲಿಸುವವರು ಸದ್ಯಕ್ಕೆ ಡಿಆರ್‌ಎವಿ ಬಿಟ್ಟು ಸ್ನ್ಯಾಪ್ ಕೌಂಟ್ ಮತ್ತು ಟಾರ್ಗೆಟ್ (ಅವನತ್ತ ಎಸೆದ ಎಸೆತಗಳು) ಕಾಲಂಗಳನ್ನು ನೋಡಲಿ.